ಮೊದಲು ತನ್ನ ಕೈಮೇಲೆ

"ಅಂಗಿ ತೋಳು ಮೇಲೆ ಮಾಡಿ."

ಡಾಕ್ಟರಮ್ಮ ಹೇಳಿದ ಧಾಟಿಗೆ ಯಾರಾದರೂ ಮಾಡಲೇಬೇಕು. ಪ್ರಾಣಿಗಳ ಆಸ್ಪತ್ರೆಯ ಬಾಗಿಲಲ್ಲಿ ಬಟ್ಟೆಚೀಲ ಹಿಡಿದು ನಿಂತಿದ್ದವನು ತೋಳು ಸರಿಸಿದ.

ಮಣಿಕಟ್ಟಿನಿಂದ ಮೊಣಕೈವರೆಗೆ ಬರೀ ಗೀರು. ಒಣಗಿದ್ದು, ಒಣಗುತ್ತಿದ್ದದ್ದು, ನಿನ್ನೆ ಮೊನ್ನೆಯದ್ದು. ನಡುನಡುವೆ ಚರ್ಮ ಕಿತ್ತುಬಂದ ಕೆಂಪು ಕಲೆಗಳು ಬೇರೆ.

"ಬೆಕ್ಕುಗಳ ಮೇಲೆ ಹೊಸ ಬಾಚಣಿಗೆ ಪರೀಕ್ಷೆ ಮಾಡೋಕೆ ಅನುಮತಿ ಬೇಕು ಅಂದ್ರಲ್ಲ... ಇಷ್ಟು ದಿನ ಅನುಮತಿ ಇಲ್ಲದೆ ಎಷ್ಟು ಬೆಕ್ಕುಗಳ ಜೀವ ತಿಂದಿದ್ದೀರಿ?"

"ಇದು ಬೆಕ್ಕು ಪರಚಿದ್ದಲ್ಲ..."

"ಹತ್ತು ವರ್ಷದಿಂದ ಇಂಥ ಗೀರು ನೋಡ್ತಾ ಇದ್ದೀನಿ. ನನಗೇ ಹೇಳಿಕೊಡಬೇಡಿ. ಒಂದು ಮೂಕಪ್ರಾಣಿ ಈ ಮಟ್ಟಕ್ಕೆ ಪರಚಬೇಕಾದ್ರೆ ಅದಕ್ಕೆ ಎಷ್ಟು ನೋವಾಗಿರಬೇಕು, ಗೊತ್ತಾ ನಿಮಗೆ?"

"ಗೊತ್ತು," ಅಂದ ಅವನು.

ಅಷ್ಟೇ ಅಂದ. ವಾದ ಮಾಡಿದ್ದರೆ ಅವಳ ಸಿಟ್ಟು ಇಳಿಯುತ್ತಿತ್ತೇನೋ, ಆ ಒಂದು ಮಾತಿಗೆ ಇನ್ನೂ ಏರಿತು. ಅವನ ಕಣ್ಣು ಅಷ್ಟರಲ್ಲಿ ಮೇಜಿನ ಮೇಲಿದ್ದ ಬುಟ್ಟಿಯತ್ತ ಹೋಗಿತ್ತು. ಒಳಗೆ ಬಿಳೀ ಮುದಿ ಬೆಕ್ಕೊಂದು ಮಲಗಿತ್ತು.

"ಹೊಟ್ಟೆ ಕೆಳಗೆ, ಎಡಗಡೆ... ಅಲ್ಲಿ ಸಿಕ್ಕು ಜಾಸ್ತಿ ಅಲ್ವಾ?" ಅಂದ ಮೆಲ್ಲಗೆ. "ಭಾರ ಎಲ್ಲ ಬಲಗಡೆ ಹಾಕಿ ಮಲಗಿದ್ದಾಳೆ."

"ನೀವಿನ್ನು ಹೊರಡಿ."

ಹೊರಟುಹೋದ. ಚೀಲ ಮಾತ್ರ ಅಲ್ಲೇ ಬೆಂಚಿನ ಮೇಲೆ ಉಳಿಯಿತು.

ಅವಳ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಬುಟ್ಟಿಯಲ್ಲಿದ್ದ ಬೆಕ್ಕು ಅವಳದ್ದೇ. ಹೆಸರು ಹತ್ತಿ. ಹದಿನಾಲ್ಕು ವರ್ಷದ ಸಂಗಾತಿ. ವಯಸ್ಸಾಗಿ ಬೆನ್ನು ಬಗ್ಗದೆ, ತನ್ನ ಮೈ ತಾನೇ ನೆಕ್ಕಿಕೊಳ್ಳಲಾಗದೆ, ಉದ್ದ ಕೂದಲೆಲ್ಲ ಜಡೆಗಟ್ಟಿ ಕಂಬಳಿಯಂತೆ ಮೈಗೆ ಅಂಟಿತ್ತು. ಹೊಟ್ಟೆಯ ಗಂಟಿನ ಅಡಿಯಲ್ಲಿ ಹುಣ್ಣು ಶುರುವಾಗಿತ್ತು. ಮುಟ್ಟಿದರೆ ಸಾಕು, ಹಲ್ಲು ತೋರಿಸುತ್ತಿತ್ತು. ಪ್ರಜ್ಞೆ ತಪ್ಪಿಸಿ ಕೂದಲು ಬೋಳಿಸೋಣವೆಂದರೆ ಹೃದಯ ದುರ್ಬಲ. ಆ ಇಂಜೆಕ್ಷನ್ ಕೊಟ್ಟರೆ ಮತ್ತೆ ಕಣ್ಣು ತೆರೆಯುವ ಭರವಸೆ ಇರಲಿಲ್ಲ.

ಹದಿನೈದು ದಿನ, ಹೆಚ್ಚೆಂದರೆ ಇಪ್ಪತ್ತು. ಅಷ್ಟರೊಳಗೆ ಆ ಗಂಟು ಬಿಡಿಸದಿದ್ದರೆ ಹುಣ್ಣಿನ ನಂಜು ರಕ್ತಕ್ಕೆ ಸೇರುತ್ತದೆ. ಊರಿನ ಪ್ರಾಣಿಗಳಿಗೆಲ್ಲ ಮದ್ದು ಕೊಡುವ ಕೈಗೆ ತನ್ನ ಬೆಕ್ಕಿನ ಕೂದಲು ಬಾಚಲು ಆಗುತ್ತಿಲ್ಲ ಅನ್ನುವ ಸಂಕಟ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

"ಡಾಕ್ಟ್ರೇ, ತಪ್ಪು ತಿಳೀಬೇಡಿ," ಅಂದರು ಕಾಂಪೌಂಡರ್. ಅವಳು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಅಲ್ಲಿದ್ದ ಹಿರಿಯರು, ಹೇಳಬೇಕಾದ್ದನ್ನು ಕೆಲಸ ಕೆಟ್ಟ ಮೇಲೆ ಹೇಳುವ ಅಭ್ಯಾಸದವರು. "ನಮ್ಮ ಕಪಾಟಿನಲ್ಲಿ ಹಸಿರು ಹಿಡಿಯ ಬಾಚಣಿಗೆ ಇದೆಯಲ್ಲ, ನೀವು ಬಂದವರಿಗೆಲ್ಲ ಅದನ್ನೇ ತಗೊಳ್ಳಿ ಅಂತೀರಲ್ಲ... ಅದನ್ನ ಕಂಡುಹಿಡಿದಿದ್ದು ಅವರೇ."

"ಇದನ್ನ ಆಗಲೇ ಹೇಳೋಕೆ ಏನಾಗಿತ್ತು?"

"ನೀವು ಉಸಿರು ತಗೊಂಡಿದ್ರೆ ಹೇಳ್ತಿದ್ದೆ."

ಅವಳು ಮುಖ ತಿರುಗಿಸಿಕೊಂಡಳು. ಕಂಡುಹಿಡಿದರೇನಂತೆ? ಪ್ರಾಣಿಗಳನ್ನ ಗೋಳು ಹೊಯ್ದುಕೊಂಡೇ ಕಂಡುಹಿಡಿದಿರಬೇಕು... ಹಾಗಂದುಕೊಂಡರೂ ಮನಸ್ಸಿಗೆ ಸಮಾಧಾನವಾಗಲಿಲ್ಲ.

ಸಂಜೆ ರೋಗಿಗಳೆಲ್ಲ ಹೋದ ಮೇಲೆ ಚೀಲ ಬಿಚ್ಚಿ ನೋಡಿದಳು. ಮೂರು ಬಾಚಣಿಗೆ. ಹಿಡಿಯ ಮೇಲೆ ಕೊರೆದ ಅಂಕಿ: ಮೂವತ್ತೆಂಟು, ತೊಂಬತ್ತೊಂದು, ನೂರ ನಲವತ್ತೇಳು.

ಮೂವತ್ತೆಂಟನ್ನು ತೆಗೆದು, ಯಾಕೆಂದು ತನಗೇ ತಿಳಿಯದೆ, ತನ್ನ ಮುಂಗೈ ಮೇಲೆ ಒತ್ತಿ ಎಳೆದಳು. ಚುರ್ ಅಂತು. ಕೆಂಪು ಗೆರೆಗಳು ಎದ್ದವು, ಒಂದರ ಪಕ್ಕ ಒಂದು, ಒಂದೇ ಸಮ ಅಂತರದಲ್ಲಿ.

ಅವಳ ಕೈ ಅಲ್ಲೇ ನಿಂತಿತು.

ಬೆಕ್ಕು ಪರಚುವಾಗ ಪಂಜ ಅಗಲಿಸುತ್ತದೆ. ಗೆರೆಗಳು ಒಂದು ಕಡೆ ಹತ್ತಿರ, ಇನ್ನೊಂದು ಕಡೆ ದೂರ. ಅವು ಒಂದೇ ಸಮ ಇರುವುದು ಸಾಧ್ಯವೇ ಇಲ್ಲ. ಅವನ ಕೈಮೇಲಿದ್ದ ಗೀರುಗಳು? ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಅಳತೆಪಟ್ಟಿ ಇಟ್ಟು ಎಳೆದ ಹಾಗಿದ್ದವು.

ತೊಂಬತ್ತೊಂದನ್ನು ಎಳೆದಳು. ತೆಳ್ಳಗೆ ಗುರುತು ಬಿತ್ತು. ನೂರ ನಲವತ್ತೇಳನ್ನು ಇನ್ನೂ ಜೋರಾಗಿ ಎಳೆದಳು. ಏನೂ ಇಲ್ಲ. ಯಾರೋ ಬೆರಳಾಡಿಸಿದಷ್ಟೇ ಗೊತ್ತಾಯಿತು.

'ಅಯ್ಯೋ... ನೂರ ನಲವತ್ತಾರು ಸಲ ತನ್ನ ಮೈಮೇಲೇ...'

ಅವಳಿಗೆ ಕಣ್ಣು ಮಂಜಾಯಿತು. ನಾಚಿಕೆಯೋ ಬೆರಗೋ, ಎರಡೂ ಒಟ್ಟಿಗೇ ಬಂದಿದ್ದವು.

ಮಾರನೇ ದಿನ ಬೆಳಿಗ್ಗೆ, ಕಾಂಪೌಂಡರ್ ಹೇಳಿದ ಗುರುತು ಹಿಡಿದು, ಸೈಕಲ್ ಅಂಗಡಿಯ ಹಿಂದಿನ ಓಣಿಯಲ್ಲಿದ್ದ ಅವನ ತಗಡಿನ ಛಾವಣಿಯ ಕಾರ್ಖಾನೆ ಹುಡುಕಿಕೊಂಡು ಹೋದಳು. ಕಾರ್ಖಾನೆ ಅನ್ನುವುದು ದೊಡ್ಡ ಮಾತು. ಒಂದು ಉದ್ದ ಕೋಣೆ, ಎರಡು ಯಂತ್ರ, ಡಬ್ಬಿಗೆ ಬಾಚಣಿಗೆ ತುಂಬುತ್ತಾ ಕೂತ ಒಬ್ಬ ಹೆಂಗಸು.

ಗೋಡೆ ನೋಡಿ ಅವಳು ಹೊಸಿಲಲ್ಲೇ ನಿಂತುಬಿಟ್ಟಳು.

ನೆಲದಿಂದ ಸೂರಿನವರೆಗೆ ಮೊಳೆಗಳು. ಮೊಳೆಗೊಂದು ಸೋತ ಬಾಚಣಿಗೆ. ಒಂದೊಂದರ ಕೆಳಗೆ ಪೆನ್ಸಿಲಿನಲ್ಲಿ ಬರೆದ ಒಂದೊಂದು ಸಾಲು. 'ಚುಚ್ಚುತ್ತದೆ.' 'ಮೂವತ್ತನೇ ಎಳೆತಕ್ಕೆ ಉರಿ.' 'ಸದ್ದು ಮಾಡುತ್ತದೆ, ಬೆಕ್ಕುಗಳು ಹೆದರುತ್ತವೆ.' 'ನನಗೆ ನೋವಿಲ್ಲ, ಆದರೆ ನನ್ನ ಚರ್ಮ ದಪ್ಪ. ನಂಬಬಾರದು.' ದೇವರ ಮುಂದೆ ನಿಂತವಳಂತೆ ಅವಳು ಸಾಲು ಸಾಲಾಗಿ ಓದುತ್ತಾ ಹೋದಳು.

"ಬನ್ನಿ ಡಾಕ್ಟ್ರೇ. ನಿನ್ನೆ ನಮ್ಮ ತಮ್ಮನಿಗೆ ಚೆನ್ನಾಗಿ ನೀರಿಳಿಸಿದ್ರಂತೆ," ಅಂದಳು ಡಬ್ಬಿ ತುಂಬುತ್ತಿದ್ದ ಅವನ ಅಕ್ಕ. ಬೇಸರವೇನೂ ಇರಲಿಲ್ಲ ಆ ದನಿಯಲ್ಲಿ. "ಒಳ್ಳೇದಾಯ್ತು ಬಿಡಿ. ನಾನು ಬೈದು ಬೈದು ಸಾಕಾಗಿದ್ದೆ."

ಮೂಲೆಯಲ್ಲಿ ಅವನು ಬೆನ್ನು ತೋರಿಸಿ ಕೂತಿದ್ದ. ಮುಂಗೈ ಮೇಲೆ ಜಡೆಗಟ್ಟಿದ ಕೂದಲಿನ ಉಂಡೆಯೊಂದನ್ನು ಗೋಂದಿನಲ್ಲಿ ಅಂಟಿಸಿಕೊಂಡು, ಕಣ್ಣು ಮುಚ್ಚಿ ಬಾಚುತ್ತಿದ್ದ. ಯಂತ್ರದ ಸದ್ದಿನಲ್ಲಿ ಅವಳು ಬಂದದ್ದೇ ತಿಳಿದಿರಲಿಲ್ಲ.

"ಯಾಕೆ ಅಂಟಿಸಿಕೊಂಡಿದ್ದಾರೆ?"

"ಸಿಕ್ಕು ಎಳೆದಾಗ ಚರ್ಮ ಎಷ್ಟು ಜಗ್ಗುತ್ತೆ ಅಂತ ತಿಳೀಬೇಕಂತೆ. ಆ ಕೆಂಪು ಕಲೆ ಎಲ್ಲ ಗೋಂದಿನದು." ಅಕ್ಕ ದನಿ ತಗ್ಗಿಸಿದಳು. "ಎಲ್ಲಾ ನನ್ನಿಂದ ಶುರುವಾಗಿದ್ದು. ಆಗ ಇವನಿಗೆ ಹತ್ತು ವರ್ಷ. ನಾನು ಮೂರು ತಿಂಗಳು ಜ್ವರದಲ್ಲಿ ಮಲಗಿಬಿಟ್ಟಿದ್ದೆ. ತಲೆಯೆಲ್ಲ ಸಿಕ್ಕು. ಪಾಪ, ಇವನೇ ಕೂತು ಬಾಚಿದ. ನನಗೆ ಬಾಯಿ ತೆಗೆಯೋಕೂ ತ್ರಾಣ ಇರಲಿಲ್ಲ. ಅಕ್ಕ ಅಳ್ತಾ ಇಲ್ಲ, ಅಂದ್ರೆ ನೋವಿಲ್ಲ ಅಂದ್ಕೊಂಡ. ಎಲ್ಲಾ ಮುಗಿದ ಮೇಲೆ ಬಾಚಣಿಗೆ ಹಲ್ಲಲ್ಲಿ ರಕ್ತ ನೋಡಿದ."

ಡಾಕ್ಟರಮ್ಮ ತನ್ನ ಮುಂಗೈಯ ಕೆಂಪು ಗೆರೆಗಳನ್ನು ನೋಡಿಕೊಂಡಳು.

"ಅವತ್ತಿಂದ ಒಂದೇ ಹಟ. ಮಾತಾಡಲಾಗದವರ ಮೇಲೆ ಮೊದಲು ಬಾಚಣಿಗೆ ಇಡಬಾರದು, ಮೊದಲು ತನ್ನ ಕೈಮೇಲೆ."

ಅವಳು ಹೋಗಿ ಅವನ ಎದುರು ನಿಂತಳು. ಅವನು ಗಡಬಡಿಸಿ ಎದ್ದ. ಕೂದಲಿನ ಉಂಡೆ ಇನ್ನೂ ಕೈಗೆ ಅಂಟಿತ್ತು.

"ಒಂದೇ ಸಮ ಇರೋ ಗೀರನ್ನ ನೋಡಿ ಬೆಕ್ಕಿನ ಉಗುರು ಅಂದೆ," ಅಂದಳು. "ಡಾಕ್ಟರಿ ಓದು ಶುರುಮಾಡಿದ ಮಕ್ಕಳೂ ಮಾಡದ ತಪ್ಪು. ಕ್ಷಮಿಸಿ."

"ಬೆಕ್ಕಿನ ಪರವಾಗಿ ಅಷ್ಟು ಜೋರಾಗಿ ಬೈಯೋರನ್ನ ನಾನು ನೋಡೇ ಇರಲಿಲ್ಲ," ಅಂದ ಅವನು. ಆಮೇಲೆ ನಿಧಾನವಾಗಿ, "ದಾರಿಯುದ್ದಕ್ಕೂ ಖುಷಿಯಾಗ್ತಿತ್ತು..."

ಇಂಥವನಿಗೆ ಏನು ಹೇಳುವುದು, ನೀವೇ ಹೇಳಿ!

"ನಮ್ಮ ಹತ್ತಿಯನ್ನ ಉಳಿಸಿಕೊಡ್ತೀರಾ?" ಅಂತ ಕೇಳಿದಳು. ಕೇಳುವಾಗ ಅವಳು ಡಾಕ್ಟರಾಗಿರಲಿಲ್ಲ.

ಅವತ್ತೇ ಮಧ್ಯಾಹ್ನ ಅವಳ ಮನೆಗೆ ಬಂದ. ಬಂದವನು ಬೆಕ್ಕನ್ನು ಮುಟ್ಟಲೇ ಇಲ್ಲ. ಬುಟ್ಟಿಯಿಂದ ಮೂರಡಿ ದೂರ ನೆಲದ ಮೇಲೆ ಕೂತು, ನೂರ ನಲವತ್ತೇಳನ್ನು ತೆಗೆದು ತನ್ನ ಕೈಯನ್ನೇ ಬಾಚಿಕೊಂಡ. ಒಂದು ಗಂಟೆ ಬಾಚಿ ಎದ್ದು ಹೋದ. ಮಾರನೇ ದಿನವೂ ಅದೇ. ಮೂರನೇ ದಿನವೂ.

ನಾಲ್ಕನೇ ದಿನ ಹತ್ತಿ ಬುಟ್ಟಿಯಿಂದ ಇಳಿಯಿತು. ಕಾಲೆಳೆಯುತ್ತಾ ಬಂದು ಆ ಕೈ ಮೂಸಿತು. ಮೂಸಿ, ಬಾಚಣಿಗೆಗೂ ಕೈಗೂ ನಡುವೆ ತನ್ನ ತಲೆ ತೂರಿಸಿತು.

ಅಡುಗೆಮನೆ ಬಾಗಿಲಲ್ಲಿ ನಿಂತು ಅವಳು ನೋಡುತ್ತಿದ್ದಳು. ಆ ಬಾಚಣಿಗೆಯ ಪ್ರತಿ ಹಲ್ಲೂ ತನ್ನಷ್ಟಕ್ಕೆ ತಿರುಗುತ್ತಿತ್ತು. ಕೂದಲು ಬಿಗಿಯಾದ ಕಡೆ ಎಳೆಯದೆ ತಾನೇ ಸರಿದು ಜಾಗ ಕೊಡುತ್ತಿತ್ತು. ಕಿವಿಯ ಹಿಂದಿನ ಗಂಟು ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ತಿಂಗಳುಗಳಿಂದ ಯಾರಿಗೂ ಮುಟ್ಟಗೊಡದ ಹತ್ತಿ ಕಣ್ಣು ಮುಚ್ಚಿ ಗುರುಗುರು ಅನ್ನತೊಡಗಿತು.

'ಇದು ಕಣ್ಣಾರೆ ಕಾಣ್ತಾ ಇರೋದಾ...' ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ನೋವು ಕಡಿಮೆ ಇರುವ ಕಡೆಯಿಂದ ದಿನಕ್ಕೆ ಎರಡು ಗಂಟು, ಮೂರು ಗಂಟು. ಹನ್ನೆರಡನೇ ದಿನ ಹೊಟ್ಟೆಯ ಗಂಟಿಗೆ ಬಂದರು. ಬಾಚಣಿಗೆ ತಾಗಿದ್ದೇ ತಡ, ಹತ್ತಿ ಕಿರುಚಿತು. ಅವನು ಥಟ್ಟನೆ ಕೈ ತೆಗೆದ.

"ನಾನು ಹಿಡ್ಕೊಳ್ತೀನಿ, ನೀವು ತೆಗೆದುಬಿಡಿ," ಅಂದಳು ಅವಳು. "ದಿನ ಉಳಿದಿಲ್ಲ."

"ಹಿಡ್ಕೊಂಡ್ರೆ ಗಂಟೇನೋ ಬರುತ್ತೆ. ಅವಳ ಹೃದಯ ತಡಿಯುತ್ತಾ?"

ಅದು ಅವಳೇ ಹೇಳಬೇಕಾದ ಮಾತಾಗಿತ್ತು. ಭಯದಲ್ಲಿ ಡಾಕ್ಟರಮ್ಮನಿಗೇ ಮರೆತುಹೋಗಿತ್ತು.

"ಒಂದೇ ದಿನ ಕೊಡಿ," ಅಂದ ಅವನು.

ಮಾರನೇ ದಿನ ನೂರ ನಲವತ್ತೆಂಟರ ಜೊತೆ ಬಂದ. ಹಲ್ಲುಗಳು ಇನ್ನೂ ಗಿಡ್ಡ, ಇನ್ನೂ ನುಣುಪು. ಅವನ ಬಲಗೈಗೆ ಬಟ್ಟೆ ಸುತ್ತಿತ್ತು. ಯಾಕೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅತ್ತುಬಿಡುತ್ತಿದ್ದಳು.

ಎರಡು ಗಂಟೆ ಹಿಡಿಯಿತು. ಹತ್ತಿ ಒಂದು ಸಲವೂ ಕಿರುಚಲಿಲ್ಲ. ಕೊನೆಯ ಎಳೆ ಬಿಚ್ಚಿದಾಗ ಗಂಟು ಇಡಿಯಾಗಿ ಅವನ ಅಂಗೈಗೆ ಬಂತು. ಅಡಿಯ ಹುಣ್ಣು ಇನ್ನೂ ಚರ್ಮದ ಮೇಲೇ ಇತ್ತು, ಒಳಗೆ ಇಳಿದಿರಲಿಲ್ಲ. ಅವಳು ತೊಳೆದು ಮದ್ದು ಹಚ್ಚಿದಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಅವನೇ ತನ್ನ ಅಂಗಿಯ ತೋಳಿನಿಂದ ಒರೆಸಿದ.



ಹದಿನೆಂಟನೇ ದಿನಕ್ಕೆ ಹುಣ್ಣು ವಾಸಿಯಾಗಿತ್ತು. ಹತ್ತಿ ಕಿಟಕಿಯಲ್ಲಿ ಬಿಸಿಲು ಕಾಯಿಸುತ್ತಾ ಹೆಸರಿಗೆ ತಕ್ಕ ಹಾಗೆ ಬಿಳುಪಾಗಿ ಕೂತಿತ್ತು. ಅವನು ಚೀಲ ಕಟ್ಟಿದ.

"ಇನ್ನು ನನ್ನ ಕೆಲಸ ಏನಿಲ್ಲ..."

'ಹೋಗ್ತಾನಲ್ಲ... ಹೋಗಲಿ ಅಂತ ಬಿಟ್ಟರೆ ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.'

"ಮುಂದೆ ಏನು ಮಾಡ್ತೀರಿ?"

"ನಾಯಿಗಳಿಗೆ ಇಂಥದ್ದೇ ಒಂದು. ಮತ್ತೆ ಒಂದರಿಂದ ಶುರು."

"ಕೈ ತೋರಿಸಿ."

ಈ ಸಲ ಅವಳ ದನಿ ಬೇರೆಯೇ ಇತ್ತು. ಅವನು ತೋಳು ಸರಿಸಿದ. ಎರಡೂ ಕೈಯಲ್ಲಿ ಗುರುತಿಲ್ಲದ ಒಂದು ಬೆರಳಗಲ ಜಾಗವಿರಲಿಲ್ಲ. ಅವಳು ಆ ಗೀರುಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ಬಿಗಿಯಾಗಿದ್ದ ಅವನ ಮುಷ್ಟಿ ಸಡಿಲವಾಯಿತು.

"ಇಲ್ಲಿ ಜಾಗ ಎಲ್ಲಿದೆ? ನಾಯಿಗಳ ಸರದಿಗೆ ಏನು ಮಾಡ್ತೀರಿ?"

"ವಾಸಿಯಾಗೋವರೆಗೆ ಕಾಯ್ತೀನಿ."

ಅವಳು ಅವನ ಕೈ ಬಿಡದೆ, ತನ್ನ ಇನ್ನೊಂದು ಕೈಯ ಬಟ್ಟೆಯ ತೋಳನ್ನು ಹಲ್ಲಿನಲ್ಲಿ ಕಚ್ಚಿ ಮೇಲೆಳೆದು, ಅವನ ಮುಂದೆ ಚಾಚಿದಳು.

"ಇನ್ನು ಮುಂದೆ ಅರ್ಧ ಇದರ ಮೇಲೆ."

ಅವನು ಬೆಚ್ಚಿದ. "ಬೇಡ. ನಿಮಗೆ ನೋವಾಗುತ್ತೆ. ನನಗೆ ಅದನ್ನ ನೋಡೋಕಾಗಲ್ಲ."

"ಯಾಕಾಗಲ್ಲ?"

ಅವನು ಕಿಟಕಿ ನೋಡಿದ, ಬೆಕ್ಕು ನೋಡಿದ, ನೆಲ ನೋಡಿದ.

"ನಿಮ್ಮ ಮೇಲೆ ಜೀವ ಇಟ್ಕೊಂಡಿದ್ದೀನಿ... ಅದಕ್ಕೆ," ಅಂದ ಕೊನೆಗೆ.

"ಹಾಗಾದ್ರೆ ಕೇಳಿ. ನಿಮ್ಮ ಅಕ್ಕ ಅವತ್ತು ಬಾಯಿ ಬಿಟ್ಟು ಹೇಳಲಿಲ್ಲ. ಹತ್ತಿಗೆ ಮಾತೇ ಬರಲ್ಲ. ನಾನು ಹಾಗಲ್ಲ. ನೋವಾದ್ರೆ ಥಟ್ಟಂತ ಹೇಳ್ತೀನಿ, ಬೈದೇ ಹೇಳ್ತೀನಿ. ನಿಮಗೆ ಬೇಕಾಗಿರೋದು ಅಂಥೋರು ತಾನೇ?"

ಅವನ ಕಣ್ಣು ತುಂಬಿತು. ಇಷ್ಟು ವರ್ಷ ಅವನು ಹುಡುಕಿದ್ದು ಅದನ್ನೇ ಎಂದು ಅವನಿಗೂ ಆಗಲೇ ಹೊಳೆದದ್ದು.

ಚಾಚಿದ ಆ ಕೈಯನ್ನು ಎರಡೂ ಅಂಗೈಯಲ್ಲಿ ಹಿಡಿದು, ನಿಧಾನವಾಗಿ ತನ್ನ ಕೆನ್ನೆಗೆ ಒತ್ತಿಕೊಂಡ.

"ನೋವಾಯ್ತಾ?" ಅಂತ ಕೇಳಿದ.

"ಇಲ್ಲ," ಅಂದಳು. "ಬಿಟ್ಟರೆ ಆಗುತ್ತೆ."