ಬಂಡೆಯ ಮೇಲೊಂದು ಕೈ

ಸ್ವಲ್ಪ ಇರಿ, ಇದನ್ನು ಪೂರ್ತಿ ಕೇಳಿಬಿಟ್ಟೇ ಹೋಗಿ. ಅರ್ಧಕ್ಕೆ ಎದ್ದರೆ ನಂದಕುಮಾರನನ್ನು ಬರೀ ಮರೆಗುಳಿ ಅಂದುಕೊಂಡುಬಿಡುತ್ತೀರಿ.

ರಾಬರ್ಟ್‌ಸನ್‌ಪೇಟೆ ದಾಟಿ ಪೆದ್ದಪಲ್ಲಿ ಕಡೆ ಹೋದರೆ ಸಿಗುವ ಆ ಬಂಡೆಯ ಹತ್ತಿರ ಅರುಣಕುಮಾರಿ ಕುರಿ ಮೇಯಿಸುತ್ತಿದ್ದಳು. ಅವತ್ತು ಯಾರೋ ಒಬ್ಬ ಬಂಡೆಗೆ ಮೂಗು ತಾಗುವಷ್ಟು ಬಗ್ಗಿ ನಿಂತಿದ್ದ.

"ಏನ್ ಸಾರ್, ಕಲ್ಲಿಗೆ ಜ್ವರ ಬಂದೈತಾ?"

ಅವನು ಕೆಂಪಾದ. ಮೈಸೂರಿನಲ್ಲಿ ಭೂವಿಜ್ಞಾನ ಓದುವವನು, ನಂದಕುಮಾರ್.

"ಫೋಟೊ ತೆಗೀಬೇಕು. ಪಕ್ಕದಲ್ಲಿ ಏನಾದ್ರೂ ಇಟ್ಟರೇನೇ ಕಲ್ಲಿನ ಗಾತ್ರ ಗೊತ್ತಾಗೋದು. ನಾವು ಸುತ್ತಿಗೆ ಇಡ್ತೀವಿ. ಬಂಗಾರಪೇಟೆ ಲಾಡ್ಜಲ್ಲಿ ಮರೆತು ಬಂದೆ. ನೀವು... ಒಂದ್ಸಲ ಕೈ ಇಡ್ತೀರಾ?"

ಇಟ್ಟಳು. ಹಸಿರು ಗಾಜಿನ ಬಳೆ ಬಂಡೆಗೆ ತಾಗಿ ಟಿಣ್ ಎಂದಿತು. ಬಿಸಿಲಿಗೆ ಕಾದ ಕಲ್ಲು. ಆದರೂ ಕೈ ತೆಗೆಯಲಿಲ್ಲ.

ಮರುದಿನವೂ ಸುತ್ತಿಗೆ ಮರೆತಿದ್ದ. ಅದರ ಮರುದಿನವೂ.

"ಊಟ ಮಾಡೋದಾದ್ರೂ ಗ್ಯಾಪಕ ಇರ್ತೈತಾ ಸಾರ್?"

"ನೀವು ಬಯ್ಯೋದು ಮಾತ್ರ ಇರುತ್ತೆ."

ಇನ್ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಜ್ವಾಲಾಮುಖಿ ಸಿಡಿಯಿತಂತೆ. ಸಿಡಿದ ಚೂರುಗಳು ಬೂದಿಯೊಳಗೆ ಬಿದ್ದವಂತೆ, ಬೂದಿ ಕಲ್ಲಾಗಿ ಅವನ್ನು ಹಿಡಿದುಕೊಂಡಿತಂತೆ.

"ನಿಮ್ಮ ಬೆರಳ ಕೆಳಗಿನ ಬಿಳೀದು ನೋಡಿ, ಅದು ಈ ಬೆಂಕೀದಲ್ಲ. ಎಲ್ಲಿಯದೋ ಕಲ್ಲು, ದಾರೀಲಿ ಸಿಕ್ಕಿಹಾಕಿಕೊಂಡಿದೆ."

"ಬಿಡಿಸ್ಕೊಂಡ್ ಓಗಕ್ಕೆ ಆಗ್ಲಿಲ್ವಾ ಅದ್ಕೆ?"

"ಮನಸ್ಸು ಬರಲಿಲ್ಲ ಅನ್ಸುತ್ತೆ."

ಹಾಗೆನ್ನುವಾಗ ಅವನು ಕಲ್ಲನ್ನು ನೋಡುತ್ತಿರಲಿಲ್ಲ. ಅವಳು ತಿರುಗಿ ಕುರಿಯನ್ನು ಬೈದಳು, ಪಾಪ, ಸುಮ್ಮನೆ ಮೇಯುತ್ತಿದ್ದ ಕುರಿಯನ್ನು.

ಕೊನೆಯ ದಿನ, ಫೋಟೊ ಕಳಿಸುತ್ತೇನೆಂದು ನಂಬರ್ ಕೇಳಿದ. ಮನೆಗೆಲ್ಲ ಒಂದೇ ಫೋನು, ಅಪ್ಪ ಮುನಿನಾರಾಯಣಪ್ಪನದು. ಅದನ್ನೇ ಕೊಟ್ಟಳು. ಇನ್ನೇನೋ ಹೇಳುತ್ತಾನೆಂದು ಕಾದಳು. ಅವನು ಬ್ಯಾಗಿನ ಜಿಪ್ಪು ತೆಗೆಯುತ್ತಾ, ಮುಚ್ಚುತ್ತಾ ನಿಂತ. ಬಸ್ಸು ಬಂತು. ಹತ್ತಿದ.

ಆಮೇಲೆ ಏನೂ ಬರಲಿಲ್ಲ. ಅಪ್ಪನ ಫೋನು ಟಿಂಗ್ ಎಂದಾಗಲೆಲ್ಲ ಒಲೆ ಬಿಟ್ಟು ಓಡಿ ಬರುವಳು. ನೋಡಿದರೆ ಯಾವುದೋ ಕಂಪನಿಯ ಮೆಸೇಜು. ಬಂಡೆ ಸುತ್ತ ಹುಲ್ಲು ಮುಗಿದಿದ್ದರೂ ಕುರಿಗಳನ್ನು ಅಲ್ಲಿಗೇ ಹೊಡೆದುಕೊಂಡು ಹೋಗುವಳು. ಬಿಳಿ ಕಲ್ಲಿನ ಪಕ್ಕ ಕೈ ಇಡುವಳು. ಆಗ ಕಲ್ಲು ದೊಡ್ಡದಾಗಿ ಕಾಣುತ್ತಿತ್ತು, ಕೈ ತೀರಾ ಚಿಕ್ಕದಾಗಿ.

ದಸರಾ ಕಳೆದ ಮೇಲೆ ಒಂದು ಸಂಜೆ, ಜಗಲಿಯಲ್ಲಿ ಕೂತ ಅಪ್ಪ ಫೋನನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿದ.

"ಇದೇನಮ್ಮಾ, ಯಾರೋ ಬಂಡೆ ಫೋಟೊ ಕಳ್ಸವ್ರೆ. ಮ್ಯಾಲೊಂದು ಎಣ್ಣಿನ ಕೈ. ಕೆಳಗೆ ಬರ್ದವ್ರೆ... 'ಸುತ್ತಿಗೆ ದಿನಾ ಬ್ಯಾಗಲ್ಲೇ ಇತ್ತು. ಹೇಳೋಕೆ ಧೈರ್ಯ ಬರಲಿಲ್ಲ. ಮತ್ತೆ ಬರಲಾ?' ಯಾವ್ ಸುತ್ತಿಗೆನೋ, ಯಾರೋ ಏನೋ! ರಾಂಗ್ ನಂಬರ್ರು. ಅಳಿಸಾಕ್ಬಿಡ್ತೀನಿ."

ಆ ಹೆಬ್ಬೆರಳು ಒತ್ತಿದರೆ ಅವನ ನಂಬರೂ ಹೋಯಿತು. ಬೇಡ ಎಂದರೆ, ಯಾಕೆ ಅಂತ ಅಪ್ಪ ಕೇಳದೆ ಇರುತ್ತಾನಾ?

ಅರುಣಕುಮಾರಿ ಬಂದು ಪಕ್ಕದಲ್ಲಿ ಕೂತಳು. ಫೋನಿನ ಪಕ್ಕ ತನ್ನ ಬಲಗೈ ಇಟ್ಟಳು. ಅದೇ ಹಸಿರು ಬಳೆ.

ಅಪ್ಪ ಫೋಟೊ ನೋಡಿದ. ಕೈ ನೋಡಿದ. ಮತ್ತೆ ಫೋಟೊ ನೋಡಿದ. ಹೆಬ್ಬೆರಳು ಹಾಗೇ ನಿಂತಿತು.

ನೀವೇ ಹೇಳಿ, ಅವಳ ಜಾಗದಲ್ಲಿ ನೀವಿದ್ದಿದ್ದರೆ ಆ ಕೈಯನ್ನು ವೇಲಿನೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದಿರಾ?