ಯಾರೂ ನೋಡದ ಪೊಲೀಸ

ರೂಡಿ ಎಸ್ಪಾರ್ಸಾನ ಕೆಲಸ ಹೋದದ್ದು ಒಂದು ಬಾತುಕೋಳಿಯಿಂದ. ಕ್ಯಾಲಿಫೋರ್ನಿಯಾದ ಆ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಕೌಂಟಿ ಪೊಲೀಸರೆಂದರೆ ಉದ್ಯಾನ, ಆಸ್ಪತ್ರೆ, ಸರ್ಕಾರಿ ಕಚೇರಿಗಳನ್ನು ಕಾಯುವವರು. ಕಳ್ಳರ ಬೆನ್ನಟ್ಟುವ ಗತ್ತೆಲ್ಲ ಶೆರಿಫ್‌ನ ಕಡೆಯವರದು; ಅವರದೇ ಬೇರೆ ಪೊಲೀಸ್ ಪಡೆ. ಒಂದು ಮಧ್ಯಾಹ್ನ ರೂಡಿ ಉದ್ಯಾನದ ಕೊಳದ ಬಳಿ ಗಸ್ತಿನ ಕಾರಿನ ಬಾಗಿಲು ತೆರೆದಿಟ್ಟುಕೊಂಡೇ ನಿದ್ದೆಹೋಗಿದ್ದ. ಪಕ್ಕದ ಸೀಟಿನಲ್ಲಿ ಬಾತುಕೋಳಿಯೊಂದು ಕುಳಿತು ಅವನ ಊಟದ ಬುರಿಟೊ ತಿನ್ನುತ್ತಿದ್ದ ಫೋಟೊ ಊರೆಲ್ಲ ಹರಿದಾಡಿತು.

"ಏನ್ ರೂಡಿ, ನೀನು ಅದನ್ನ ಅರೆಸ್ಟ್ ಮಾಡಿದ್ಯೋ, ಅದೇ ನಿನ್ನ ಮಾಡ್ತೋ?" ಎಂದು ಶೆರಿಫ್‌ನ ಡೆಪ್ಯುಟಿಗಳು ಗೋಳುಹೊಯ್ದುಕೊಂಡರು. ಬಾತುಕೋಳಿಗೆ ಏನೂ ಆಗಲಿಲ್ಲ. ರೂಡಿ ಮನೆಗೆ ಹೋದ.

ಬಿಲ್ಲೆ, ಪಿಸ್ತೂಲು ಒಪ್ಪಿಸಿದ. ಸಮವಸ್ತ್ರ ಮಾತ್ರ ಲಾಂಡ್ರಿಯಲ್ಲಿ ಕಳೆಯಿತೆಂದು ಸುಳ್ಳು ಹೇಳಿದ. ಆಗಲೇ ಅವನ ತಲೆಯೊಳಗೆ ಕೌಂಟಿ ಆಸ್ಪತ್ರೆಯ ಚಿತ್ರಪಟ ತೂಗಾಡುತ್ತಿತ್ತು. ಹಿಮದ ಬೆಟ್ಟ, ಅದರಡಿಯಲ್ಲಿ ಹಳೆಯ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟ. ಯಾವನೋ ಪುಣ್ಯಾತ್ಮ ದಾನ ಕೊಟ್ಟದ್ದು. ಮೂತ್ರದ ಕಲ್ಲಿನ ನೋವಿಗೆ ಬಂದಿದ್ದ ಚಿತ್ರವ್ಯಾಪಾರಿಯೊಬ್ಬ ಅದರೆದುರು ನರಳುವುದನ್ನೇ ಮರೆತು, "ಇವರಿಗೆ ಗೋಡೇಲಿ ಏನು ನೇತಾಡ್ತಿದೆ ಅಂತಾನೇ ಗೊತ್ತಿಲ್ವಲ್ಲ!" ಎಂದದ್ದು ಹಿಂದೊಮ್ಮೆ ಅಲ್ಲಿ ಪಹರೆಗಿದ್ದ ರೂಡಿಯ ಕಿವಿಗೆ ಬಿದ್ದಿತ್ತು.

ಮುಸುಕು, ಕತ್ತಲು, ಕಿಟಕಿ ಒಡೆಯುವುದು ಹೆಡ್ಡರ ದಾರಿ. ರೂಡಿಗೆ ಅನುಭವದಿಂದ ಸಿದ್ಧಿಸಿದ ವಿದ್ಯೆ ಬೇರೆಯೇ ಇತ್ತು: ಕೌಂಟಿ ಪೊಲೀಸನನ್ನು ಯಾರೂ ನೋಡುವುದಿಲ್ಲ. ಗಡಿಯಾರ, ಕಸದ ಬುಟ್ಟಿಯ ಸಾಲಿಗೆ ಸೇರಿದವನು ಅವನು. ರೂಡಿ ಮೀಸೆ ಬೋಳಿಸಿದ, ಆಟಿಕೆಯ ಬಿಲ್ಲೆಗೆ ಹೊಳಪು ಕೊಟ್ಟ, ವ್ಯಾನು ಗೊತ್ತುಮಾಡಿದ. ಹಳೆಯ ಜೊತೆಗಾರರ ಫೋನು ಎತ್ತುವುದನ್ನೂ ಬಿಟ್ಟ. ಅವರ ಅನುಕಂಪ ಯಾರಿಗೆ ಬೇಕಿತ್ತು?

ಆ ಬೆಳಿಗ್ಗೆ ಆಸ್ಪತ್ರೆ ಗಿಜಿಗುಡುತ್ತಿತ್ತು. ಕಾವಲಿನವರ ಮೇಜು ಖಾಲಿ. ಕಾಫಿಗೆ ಹೋಗಿರಬೇಕು ಸೋಮಾರಿಗಳು, ಎಂದು ನಿದ್ದೆಗಾಗಿ ಕೆಲಸ ಕಳೆದುಕೊಂಡವನು ಮೂಗು ಮುರಿದ. ಏಣಿ ಹತ್ತಿ ಪಟ ಕಳಚುವಾಗ ನರ್ಸ್ ಲೂಜ್ ಬಂದಳು.

"ಇದ್ಯಾಕೆ ಸಾರ್ ತೆಗೀತಿದೀರಾ?"

"ಗೋಡೆ ಜಿನುಗ್ತಾ ಇದೆ ಕಣಮ್ಮಾ. ಒಳಗಿಡಬೇಕಂತೆ."

"ಸರಿಹೋಯ್ತು! ನನ್ನ ರೋಗಿ ತಲೆ ಮೇಲೂ ಜಿನುಗುತ್ತೆ, ಅವನನ್ನ ಯಾರೂ ಒಳಗಿಡಲ್ಲ. ಹ್ಞೂಂ, ಇಳಿಸಿ, ಈ ಕಡೆ ನಾನು ಹಿಡ್ಕೋತೀನಿ."

ಮುದುಕನೊಬ್ಬ ದಾರಿ ಬಿಡಲು ಊರುಗೋಲು ಸರಿಸಿಕೊಂಡ. ರೂಡಿಗೆ ನಗು ತಡೆಯುವುದೇ ಕಷ್ಟವಾಯಿತು. ಹೊರಬಾಗಿಲಲ್ಲಿ ಹ್ಯಾಲ್ವರ್ಸನ್ ಎಂಬ ಎಳೆಯ ಡೆಪ್ಯುಟಿ ನಿಂತಿದ್ದ. ಭಾರದ ಪಟ ಕಂಡವನೇ ಬಾಗಿಲು ತೆಗೆದು, ತಾನೂ ಒಂದು ಕೈ ಕೊಟ್ಟ. ಶೆರಿಫ್‌ನ ಕಡೆಯವನೇ ಕೂಲಿಯಾದನಲ್ಲ! ಇಷ್ಟು ದಿನ ನುಂಗಿದ್ದ ಅವಮಾನವೆಲ್ಲ ರೂಡಿಯ ನಾಲಿಗೆಗೆ ಬಂತು.

"ಇಲ್ಲಿ ನಿನಗೇನಪ್ಪಾ ಕೆಲಸ? ಇದು ನಮ್ಮ ಕೌಂಟಿ ಪೊಲೀಸ್ ಜಾಗ."

ಹ್ಯಾಲ್ವರ್ಸನ್ ಅವನ ತೋಳಿನ ಪಟ್ಟಿಯನ್ನು ಓದಿದ. ಈ ಬಟ್ಟೆಯನ್ನು ಅಷ್ಟು ಗಮನವಿಟ್ಟು ನೋಡಿದ ಮೊದಲ ಮನುಷ್ಯ ಅವನೇ ಇರಬೇಕು. ಪಟವನ್ನು ಜೋಪಾನವಾಗಿ ಗೋಡೆಗೊರಗಿಸಿ, ಸೊಂಟದಿಂದ ಕೈಕೋಳ ತೆಗೆದ. "ಕೌಂಟಿ ಪೊಲೀಸ್ ಇಲಾಖೇನ ನಿನ್ನೆ ಸಂಜೆ ಮುಚ್ಚಿ ನಮ್ಮ ಜೊತೆ ಸೇರಿಸಿದ್ರು ಸಾರ್. ಇವತ್ತು ಈ ಬಟ್ಟೆ ಹಾಕ್ಕೊಂಡಿರೋ ಪೊಲೀಸ್ ಇಡೀ ಕೌಂಟೀಲಿ ನೀವೊಬ್ರೇ."