ಖಾಲಿ ಬರಬಾರದ ಪಾತ್ರೆ

ಏಪ್ರಿಲ್ಲಿನ ಒಂದು ಶನಿವಾರ ಬ್ರಿಟಾ ಬಾಗಿಲು ತೆಗೆದಾಗ ಅವಳ ನೀಲಿ ಗಾಜಿನ ಪಾತ್ರೆ ಜಗಲಿಯ ಮೇಲೆ ಕೂತಿತ್ತು. ಮೇಲೆ ಫಾಯಿಲ್ ಹೊದಿಸಿತ್ತು. ಮುಟ್ಟಿದರೆ ಇನ್ನೂ ಬಿಸಿ. ಬೀದಿಯ ಕೊನೆಯಲ್ಲಿ ವೇಡ್ ಟಾಲೆಫ್‌ಸನ್‌ನ ಹಳೆಯ ಟ್ರಕ್ಕು ತಿರುವು ದಾಟುತ್ತಿತ್ತು. ಅವನು ಕರೆಗಂಟೆ ಒತ್ತಿರಲಿಲ್ಲ.

ಆ ಪಾತ್ರೆ ಅವನ ಮನೆಗೆ ಹೋಗಿದ್ದು ಫೆಬ್ರವರಿಯಲ್ಲಿ, ಅವನ ತಂದೆ ತೀರಿಕೊಂಡ ವಾರ. ಉತ್ತರ ಮಿನ್ನೆಸೋಟದ ಆ ಊರಿನಲ್ಲಿ ಸಾವಿನ ಮನೆಗೆ ಮಾತು ಹೋಗುವುದಿಲ್ಲ, ಹಾಟ್‌ಡಿಶ್ ಹೋಗುತ್ತದೆ. ಎಲ್ಲರೂ ಮಾಂಸ, ತರಕಾರಿ, ಅಕ್ಕಿ ಸೇರಿಸಿ ಒಂದೊಂದು ಪಾತ್ರೆ ತುಂಬಿ ಒಲೆಯಲ್ಲಿ ಬೇಯಿಸಿ ಕೊಟ್ಟು ಬರುತ್ತಾರೆ. ಬ್ರಿಟಾ ಅಜ್ಜಿ ಕಲಿಸಿದ್ದನ್ನು ಮಾಡಿದ್ದಳು: ಸರೋವರದ ಅಂಚಿನ ಕಾಡಕ್ಕಿಯನ್ನು ಬೆಳಗ್ಗೆಯೇ ನೆನೆಹಾಕಿ, ಕೋಳಿಯ ಮೂಳೆ ಕುದಿಸಿ ರಸ ತೆಗೆದು, ಅಣಬೆಯನ್ನು ಬೆಣ್ಣೆಯಲ್ಲಿ ಬಾಡಿಸಿ. ಸಂತಾಪಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಶ್ರಮ ಅದರಲ್ಲಿತ್ತು. ಅದು ಅವಳಿಗೂ ಗೊತ್ತಿತ್ತು. ಶಾಲೆಯಲ್ಲಿ ತನಗಿಂತ ಎರಡು ತರಗತಿ ಮುಂದಿದ್ದ ಆ ಮೌನಿ ಹುಡುಗನನ್ನು ಅವಳು ಯಾವತ್ತೂ ಪೂರ್ತಿ ಮರೆತಿರಲಿಲ್ಲ.

ಹಾಗೆ ಹೋದ ಪಾತ್ರೆ ಖಾಲಿ ವಾಪಸ್ ಬರಬಾರದು. ಜಾಮೋ, ಉಪ್ಪಿನಲ್ಲಿ ಹಾಕಿದ ಸೌತೆಯೋ, ಕಡೆಗೆ ಹಿತ್ತಲಿನ ಟೊಮೇಟೊವೋ, ಏನಾದರೂ ಇರಬೇಕು. ಏನು ಬರುತ್ತದೆ ಎಂಬುದರಲ್ಲಿ, ಬಾಯಿಬಿಟ್ಟು ಹೇಳದ ಎಷ್ಟೋ ಮಾತುಗಳನ್ನು ಊರು ಓದಿಕೊಳ್ಳುತ್ತದೆ.

ಬ್ರಿಟಾ ಫಾಯಿಲ್ ಎತ್ತಿದಳು. ಒಳಗೆ ಪುಟ್ಟ ಪುಟ್ಟ ಬರ್ಗರ್‌ಗಳು ಒತ್ತೊತ್ತಾಗಿ ಕೂತಿದ್ದವು. ಪಕ್ಕದಲ್ಲಿ ಹುರಿದ ಆಲೂಗಡ್ಡೆ.

ಅವಳ ಕಿವಿ ಬಿಸಿಯಾಯಿತು. ಹೆದ್ದಾರಿ ಬದಿಯ ಬರ್ಗರ್ ಅಂಗಡಿಗೆ ವೇಡ್ ಮ್ಯಾನೇಜರ್. ಅಂತ್ಯಕ್ರಿಯೆಯ ದಿನ ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಅವಳು ಒಂದು ಮಾತು ಆಡಿಬಿಟ್ಟಿದ್ದಳು: "ಆ ಅಂಗಡಿ ಬಂದ್ಮೇಲೆ ಅರ್ಧ ಊರು ಒಲೆ ಹಚ್ಚೋದನ್ನೇ ಮರ್ತಿದೆ. ಕಿಟಕಿಯಿಂದ ತಳ್ಳೋದನ್ನೆಲ್ಲ ಊಟ ಅಂತಾರೆ." ತಿರುಗಿ ನೋಡಿದರೆ ಬಾಗಿಲಲ್ಲಿ ವೇಡ್ ಖಾಲಿ ಕಪ್ಪು ಹಿಡಿದು ನಿಂತಿದ್ದ. ಕಾಫಿ ಇದೆಯಾ ಎಂದು ಕೇಳಿದ. ಅವಳು ಸುರಿದಳು. ಅವನು ಥ್ಯಾಂಕ್ಸ್ ಹೇಳಿ ಹೋದ. ಅಲ್ಲಿಂದ ಇಲ್ಲಿಯವರೆಗೆ ಇಬ್ಬರ ನಡುವೆ ಇದ್ದದ್ದು ಆ ಕಾಫಿ ಸುರಿದ ಸದ್ದು ಮಾತ್ರ.

ಈಗ ಉತ್ತರ ಬಂದಿದೆ, ಅಂದುಕೊಂಡಳು. ಅದೂ ನನ್ನದೇ ಪಾತ್ರೆಯಲ್ಲಿ.

ಪಕ್ಕದ ಮನೆಯಿಂದ ಕಾಫಿಗೆ ಬಂದ ಡೊರೀನ್ ದೊಡ್ಡಮ್ಮ ಪಾತ್ರೆಯ ಸುತ್ತ ಒಂದು ಸುತ್ತು ಬಂದಳು. ಚರ್ಚಿನ ಅಡುಗೆಮನೆಯನ್ನು ಬಹಳ ವರ್ಷ ಆಳಿದವಳು. ತನ್ನ ಪಾತ್ರೆ ಮಾರ್ಚಿನಲ್ಲೇ ಬಂತು, ಒಳಗೆ ಸೂಪರ್‌ಮಾರ್ಕೆಟ್ಟಿನ ಬಿಸ್ಕತ್ತಿನ ಡಬ್ಬಿ ಇತ್ತು, ಎಲ್ಲರಿಗೂ ಅದೇ ಡಬ್ಬಿ ಎಂದಳು. ಬೆಲೆ ಚೀಟಿಯನ್ನೂ ಕಿತ್ತಿರಲಿಲ್ಲವಂತೆ, ಪಾಪ.

"ನನಗೆ ಮಾತ್ರ ಇದು. ಸೇಡು ತೀರಿಸ್ಕೊಳ್ಳೋಕೆ ಇಷ್ಟು ದಿನ ಬೇಕಾಯ್ತು ಅನ್ಸುತ್ತೆ."

"ನಮ್ಮೂರಲ್ಲಿ ಯಾರೂ ಇಷ್ಟೊಂದು ಕಷ್ಟಪಟ್ಟು ಸೇಡು ತೀರಿಸ್ಕೊಳ್ಳಲ್ಲ ಕಣೇ. ಸುಮ್ನೆ ಮಾತು ಬಿಡ್ತಾರೆ, ಅಷ್ಟೆ."

"ಇದರ ಬದಲು ಖಾಲಿನೇ ಕೊಟ್ಟಿದ್ರೂ ಬೇಜಾರಾಗ್ತಿರಲಿಲ್ಲ."

ಡೊರೀನ್ ಕನ್ನಡಕದ ಮೇಲಿನಿಂದ ನೋಡಿದಳು. "ಖಾಲಿ ಪಾತ್ರೆ ಓಡಾಡೋದು ಒಂದೇ ಮನೆಯವರ ಮಧ್ಯೆ. ನಾನೂ ನಿಮ್ಮಮ್ಮನೂ ಹಾಗೇ ತಾನೇ ಇದ್ದಿದ್ದು. ಅವನು ನಿನಗೆ ಏನಾಗಬೇಕು ಅಂತ ಖಾಲಿ ಕೊಡ್ತಾನೆ?"

ಬ್ರಿಟಾ ಕಾಫಿ ಸುರಿಯಲು ಎದ್ದು ಹೋದಳು. ಕಾಫಿ ಆಗಲೇ ಸುರಿದಾಗಿತ್ತು.

ಸಂಜೆಯ ಹೊತ್ತಿಗೆ ಹಸಿವು ಸಿಟ್ಟಿಗಿಂತ ದೊಡ್ಡದಾಯಿತು. ಅಡುಗೆಮನೆಯಲ್ಲಿ ನಿಂತುಕೊಂಡೇ, ತಣ್ಣಗಾದ ಒಂದು ಬರ್ಗರ್ ಕಚ್ಚಿದಳು. ಅಗಿಯುವುದನ್ನು ನಿಲ್ಲಿಸಿದಳು. ಬನ್ನಿನ ಒಳಮೈ ಬೆಣ್ಣೆಯಲ್ಲಿ ಹೊಂಬಣ್ಣಕ್ಕೆ ಸುಟ್ಟಿತ್ತು. ಈರುಳ್ಳಿ ಕಂದುಬಣ್ಣಕ್ಕೆ ತಿರುಗಿ ಕರಗುವಷ್ಟು ಸಿಹಿಯಾಗಿತ್ತು. ಸಣ್ಣ ಉರಿಯ ಮುಂದೆ ಯಾರೋ ಬಹಳ ಹೊತ್ತು ಸುಮ್ಮನೆ ನಿಂತಿದ್ದರೆ ಮಾತ್ರ ಬರುವ ಸಿಹಿ ಅದು. ಆಲೂಗಡ್ಡೆಯ ತುಂಡುಗಳು ಒಂದು ದಪ್ಪ, ಒಂದು ಸಣ್ಣ, ಸಿಪ್ಪೆ ಸಮೇತ. ಯಂತ್ರ ಹೀಗೆ ಕತ್ತರಿಸುವುದಿಲ್ಲ.

ಅವಳು ಇನ್ನೊಂದು ತಿಂದಳು. ಆಮೇಲೆ ಇನ್ನೊಂದು.

ಸೋಮವಾರ ಬೆಳಗ್ಗೆ ಏಕೆಂದು ತನಗೇ ಹೇಳಿಕೊಳ್ಳದೆ ಕಾಡಕ್ಕಿ ನೆನೆಹಾಕಿದಳು. ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಮಧ್ಯಾಹ್ನ ಬಿಡುವು ತೆಗೆದುಕೊಂಡು ಹೆದ್ದಾರಿಯ ಕಡೆ ನಡೆದಳು. ಬರ್ಗರ್ ಅಂಗಡಿಯ ಒಳಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಮೂಲೆಯಲ್ಲಿ ಕೂತು ತಿಂದಳು. ಚೆನ್ನಾಗಿಯೇ ಇತ್ತು; ಆದರೆ ಆ ಈರುಳ್ಳಿ ಇದರಲ್ಲಿರಲಿಲ್ಲ.

ವೇಡ್ ಅವಳನ್ನು ನೋಡಲಿಲ್ಲ. ಊಟದ ಹೊತ್ತಿನ ನೂಕುನುಗ್ಗಲಿನಲ್ಲಿ ಅವನು ಕಾವಲಿಯ ಮುಂದಿದ್ದ. ಅವಳು ನೋಡಿದಳು. ಮಗುಚುವ ಕೈ, ಉಪ್ಪು ಉದುರಿಸುವ ಬೆರಳು, ಹಿಂದಿನಿಂದ ಬರುವವರಿಗೆ ತಿರುಗದೆಯೇ ಜಾಗ ಬಿಡುವ ಹೆಗಲು. ಗದರಿಕೆ ಇಲ್ಲ, ಗಲಿಬಿಲಿ ಇಲ್ಲ. ಪಾಳಿಯ ನಡುವೆ ಓಡಿಬಂದ ನರ್ಸೊಬ್ಬಳು ಪೊಟ್ಟಣ ಬಿಚ್ಚಿ ಮೊದಲ ತುತ್ತಿಗೆ ಕಣ್ಣು ಮುಚ್ಚಿದಳು. ಶಾಲಾ ಬಸ್ಸಿನ ಡ್ರೈವರ್ ನಿಂತೇ ತಿಂದು ಓಡಿದ. ಕೈ ನಡುಗುವ ಮುದುಕನೊಬ್ಬ ಬಂದಾಗ, ಅವನು ಕೇಳುವ ಮೊದಲೇ ವೇಡ್ ಬರ್ಗರನ್ನು ನಾಲ್ಕು ತುಂಡು ಮಾಡಿ ತಟ್ಟೆಯಲ್ಲಿಟ್ಟ.

ಇವರಿಗೆಲ್ಲ ಒಲೆ ಹಚ್ಚಲು ಮನಸ್ಸಿಲ್ಲದೆ ಅಲ್ಲ, ಹೊತ್ತಿಲ್ಲ, ಎಂದು ಬ್ರಿಟಾಗೆ ಅನ್ನಿಸಿತು. ಇವರ ಪಾಲಿನ ಬಿಸಿ ತುತ್ತನ್ನು ಯಾರೋ ಒಬ್ಬರು ನಿಂತು ಬೇಯಿಸುತ್ತಿದ್ದಾರೆ. ಅದನ್ನು ಅವಳು ಕಿಟಕಿಯಿಂದ ತಳ್ಳುವುದು ಅಂದಿದ್ದಳು. ಹತ್ತಿರ ಹೋಗಿ ಮಾತಾಡಲು ಎದ್ದಳು. ಆದರೆ ಬಾಗಿಲ ಕಡೆ ನಡೆದಳು.

ಎದುರಿಗೆ ನಿಂತು ಹೇಳಲಾಗದ್ದನ್ನು ಮುಖವಿಲ್ಲದ ಒಂದು ಪೆಟ್ಟಿಗೆಗೆ ಹೇಳಬಹುದು. ಸಂಜೆ ಕೆಲಸ ಮುಗಿದ ಮೇಲೆ ಅವಳು ಮನೆಗೆ ಹೋಗಿ ಪಾತ್ರೆ ತೊಳೆದು, ಒರೆಸಿ, ಫಾಯಿಲ್ ಹೊದಿಸಿ, ಪಕ್ಕದ ಸೀಟಿನಲ್ಲಿಟ್ಟುಕೊಂಡು ಅಂಗಡಿಯಲ್ಲಿ ಕಾರಿನಿಂದ ಇಳಿಯದೆಯೇ ಊಟ ಕೊಳ್ಳುವ ಡ್ರೈವ್-ಥ್ರೂ ಸಾಲಿಗೆ ಕಾರು ಸೇರಿಸಿದಳು. ಆರ್ಡರ್ ಪೆಟ್ಟಿಗೆಯ ಸ್ಪೀಕರಿನಿಂದ ಬಂದದ್ದು ಅವನದೇ ದನಿ.

"ಏನು ಬೇಕು, ಹೇಳಿ."

"ಶನಿವಾರ ನನ್ನ ಜಗಲಿ ಮೇಲೆ ಇಟ್ಟೆಯಲ್ಲ, ಅದು."

ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು. ಬಹಳ ಹೊತ್ತು ಗುಂಯ್ ಎಂದಿತು.

"ಅದು ಇಲ್ಲಿ ಸಿಗಲ್ಲ, ಬ್ರಿಟಾ."

"ಗೊತ್ತು. ಮಧ್ಯಾಹ್ನ ತಿಂದು ನೋಡ್ದೆ. ಎಲ್ಲಿ ಸಿಗುತ್ತೆ?"

"ನಮ್ಮನೇಲಿ." ಮತ್ತೆ ಗುಂಯ್. "ಅಪ್ಪನಿಗೆ ಕೊನೆಕೊನೆಗೆ ಬರ್ಗರ್ ಬಿಟ್ಟು ಬೇರೇನೂ ಸೇರ್ತಿರಲಿಲ್ಲ. ಇಲ್ಲಿಂದ ತಗೊಂಡು ಹೋಗೋಷ್ಟರಲ್ಲಿ ಆರಿಹೋಗೋದು. ಅದಕ್ಕೇ ಮನೇಲಿ ಮಾಡೋಕೆ ಶುರು ಮಾಡ್ದೆ. ಆ ಒಲೇಲಿ ನನಗೆ ಮಾಡೋಕೆ ಬರೋದು ಅದೊಂದೇ. ಮಿಕ್ಕವರಿಗೆಲ್ಲ ಬಿಸ್ಕತ್ತು ನಡೀತು. ನಿನ್ನ ಪಾತ್ರೆಗೆ ಅದನ್ನ ಹಾಕೋಕೆ ಮನಸ್ಸು ಬರಲಿಲ್ಲ. ಅಪ್ಪ ಹೋದ್ಮೇಲೆ ಆ ಬರ್ಗರನ್ನ ಮನೇಲಿ ಮತ್ತೆ ಮಾಡೋ ಧೈರ್ಯ ಬರೋಕೆ ಇಷ್ಟು ದಿನ ಆಯ್ತು."

ಬ್ರಿಟಾ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಳು. ಹಿಂದಿನ ಕಾರುಗಳ ಸಾಲು ರಸ್ತೆಯವರೆಗೂ ಬೆಳೆದಿರುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಯಾರೂ ಹಾರ್ನ್ ಒತ್ತಲಿಲ್ಲ. ಆ ಊರಿನಲ್ಲಿ ಒತ್ತುವುದಿಲ್ಲ. ಹಿಂದಿನ ಪಿಕಪ್‌ನವನು ಸೌಜನ್ಯಕ್ಕೆ ದೀಪವನ್ನೂ ಆರಿಸಿ ಕೂತಿದ್ದ.

"ನಾನು ಅದನ್ನ ಅಣಕ ಅಂದ್ಕೊಂಡಿದ್ದೆ. ಚರ್ಚಲ್ಲಿ ನಾನು ಆಡಿದ ಮಾತಿಗೆ. ಆ ಮಾತು ತಪ್ಪು, ವೇಡ್."

"ಪೂರ್ತಿ ತಪ್ಪೇನಲ್ಲ. ದಿನವಿಡೀ ಊರಿಗೆಲ್ಲ ಬೇಯಿಸಿ ಮನೆಗೆ ಹೋಗಿ ನಾನು ತಿಂದಿದ್ದು ನಿನ್ನ ಹಾಟ್‌ಡಿಶ್. ಬೇಗ ಮುಗಿದುಹೋಗುತ್ತೆ ಅಂತ ದಿನಕ್ಕೆ ಸ್ವಲ್ಪಸ್ವಲ್ಪ."

ಅಷ್ಟರಲ್ಲಿ ಪೆಟ್ಟಿಗೆಯಿಂದ ಇನ್ನೊಂದು ದನಿ, ವಯಸ್ಸಾದ ಹೆಂಗಸಿನದು. "ವೇಡ್, ಸುಮ್ನೆ ಹೇಳ್ತಿದೀನಿ, ನಮ್ಮೆಲ್ಲರ ಕಿವೀಲೂ ಹೆಡ್‌ಸೆಟ್ ಇದೆ. ಇಲ್ಲಿ ಎಲ್ಲಾ ಸೀದುಹೋಗ್ತಿದೆ. ಆದ್ರೂ ನೀವು ಮುಂದುವರಿಸಿ."

ಒಳಗಿನಿಂದ ನಗು ಕೇಳಿತು. ಬ್ರಿಟಾ ಕೆನ್ನೆಗೆ ಅಂಗೈ ಒತ್ತಿಕೊಂಡು ಕಾರನ್ನು ಕಿಟಕಿಯ ಬಳಿಗೆ ಉರುಳಿಸಿದಳು.

ವೇಡ್ ಬಗ್ಗಿ ನಿಂತಿದ್ದ. ಹುಬ್ಬಿನ ಮೇಲೆ ಹಿಟ್ಟಿನ ಒಂದು ಗೆರೆ. ಅವನು ಅವಳನ್ನು ನೋಡಿದ, ಆಮೇಲೆ ಅವಳ ಹಿಂದಿನ ಆಕಾಶವನ್ನು, ಆಮೇಲೆ ಬೇರೆ ದಾರಿಯಿಲ್ಲದೆ ಮತ್ತೆ ಅವಳನ್ನೇ. ಅವಳೂ ಕಣ್ಣು ತಗ್ಗಿಸಲಿಲ್ಲ. ಅವಳು ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯೊಳಗೆ ಕೊಟ್ಟಳು.

ಹಗುರವಾಗಿದೆ ಎನ್ನುವುದು ಅವನ ತೋಳಿಗೆ ಮೊದಲು ತಿಳಿಯಿತು. ಫಾಯಿಲಿನ ಒಂದು ಮೂಲೆ ಎತ್ತಿದ. ಮುಖದಲ್ಲಿ ಅರಳುತ್ತಿದ್ದದ್ದು ಅಲ್ಲೇ ನಿಂತುಬಿಟ್ಟಿತು. ಅವನೂ ಅದೇ ಊರಿನಲ್ಲಿ ಬೆಳೆದವನು.

"ಖಾಲಿ ಇದೆ," ಎಂದ, ಮೆಲ್ಲಗೆ.

"ಹೌದು. ಖಾಲಿನೇ ತಂದಿದೀನಿ." ಅವಳು ಕಾರಿನ ಕಿಟಕಿಯಿಂದ ಇನ್ನಷ್ಟು ಮುಂದಕ್ಕೆ ಬಾಗಿದಳು. "ಖಾಲಿ ಪಾತ್ರೆ ಒಂದೇ ಮನೆಯವರ ಮಧ್ಯೆ ಓಡಾಡುತ್ತಂತೆ. ಡೊರೀನ್ ದೊಡ್ಡಮ್ಮ ಹೇಳಿದ್ಳು."

ಅವನು ಫಾಯಿಲನ್ನು ಮೊದಲಿದ್ದ ಹಾಗೆಯೇ ಅಂಚಿಗೆ ಒತ್ತಿದ, ಒಳಗಿರುವುದು ಆರಬಾರದು ಎನ್ನುವ ಹಾಗೆ. ಅವನ ಹೆಬ್ಬೆರಳು ಅಂಚಿನುದ್ದಕ್ಕೂ ನಿಧಾನವಾಗಿ ಸಾಗಿತು. ಕಾವಲಿಯ ಸದ್ದೂ ಒಂದು ಕ್ಷಣ ತಗ್ಗಿದಂತೆ ಅವಳಿಗೆ ಕೇಳಿಸಿತು. ಹುಡುಗನಾಗಿದ್ದಾಗಿನ ಅದೇ ಮೌನ; ಆದರೆ ಈ ಸಲ ಅದು ಅವಳ ಕಡೆಗೆ ಮುಖ ಮಾಡಿತ್ತು.

"ಆ ಕಾಡಕ್ಕಿ," ಕೊನೆಗೆ ಅವನೆಂದ, "ಎಷ್ಟು ಹೊತ್ತು ನೆನೀಬೇಕು?"

"ಬೆಳಗ್ಗೆಯೇ ನೆನೆಹಾಕಿ ಬಂದಿದೀನಿ. ಈರುಳ್ಳಿ ಮಾತ್ರ ನಿನ್ನ ಕೆಲಸ."

ವೇಡ್ ಹೆಡ್‌ಸೆಟ್ ತೆಗೆದು ಹಿಂದಿದ್ದವರ ಕೈಗೆ ಕೊಟ್ಟ. ನಗು ಅವನ ಕಣ್ಣಿನಿಂದ ಶುರುವಾಗಿ ಬಾಯಿಗೆ ಬರಲು ತುಸು ಹೊತ್ತು ಹಿಡಿಯಿತು. ಬ್ರಿಟಾ ಆ ಹೊತ್ತನ್ನೆಲ್ಲ ನೋಡುತ್ತಾ ಕೂತಳು.

ಆಗ ಹಿಂದಿನ ಪಿಕಪ್‌ನವನು ಹಾರ್ನ್ ಒತ್ತಿದ. ಒಂದೇ ಒಂದು ಸಲ, ಚಿಕ್ಕದಾಗಿ. ಅವನ ಹಿಂದಿನವರೂ ಒತ್ತಿದರು, ಅವರ ಹಿಂದಿನವರೂ, ರಸ್ತೆಯವರೆಗೆ. ಅದರಲ್ಲಿ ಒಂದೂ ಸಿಟ್ಟಿನದಾಗಿರಲಿಲ್ಲ.